ಬೈಲಹೊಂಗಲದ ಬಾಬಾಗಾಡಿ

ಮೊನ್ನೆ ಧಾರವಾಡದ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಚಿಕ್ಕ ವಯಸ್ಸಿನ ಗಂಡಹೆಂಡತಿಯನ್ನು ನೋಡಿದೆ. ಹೆಂಡತಿಯ ಕೈಯಲ್ಲಿ ಮಗುವನ್ನು ಕೂರಿಸಿ ತಳ್ಳುವ ಗಾಡಿ. ನೀಲಿ ಬಣ್ಣ, ಮೇಲೆ ಕೊಡೆಯಂಥ ಚಾವಣಿ, ನಡುವೆ ಬೆಲ್ಟು, ಕಾಲಿಡುವಲ್ಲಿ ಮೆತ್ತೆ. ಮಕ್ಕಳನ್ನು ಕಂಡರೆ ಬಗ್ಗಿ ನೋಡುವ ಚಟ ನನಗೆ. ಬಗ್ಗಿದೆ. ಒಳಗೆ ಬೆಲ್ಟು ಬಿಗಿಸಿಕೊಂಡು ಗಂಭೀರವಾಗಿ ಕೂತದ್ದು ಒಂದು ಕುಂಬಳಕಾಯಿ. ಅದರ ಎರಡೂ ಮಗ್ಗುಲಿಗೆ ಮೆಂತ್ಯ, ರಾಜಗಿರಿ ಸೊಪ್ಪಿನ ಕಟ್ಟುಗಳು. ಮಗು ಅಪ್ಪನ ಹೆಗಲೇರಿ ಅವನ ಕಿವಿ ಹಿಂಡುತ್ತಿತ್ತು.

"ಕೂಸು ಇದರಾಗ ಕುಂದರಂಗಿಲ್ಲೇನವಾ?" ಎಂದು ಕೇಳಿದೆ.

"ಇಲ್ರೀ ಅಜ್ಜಿ. ಊರೆಲ್ಲಾ ತಿರಗಿ, ಕಂಡಕಂಡವರನ್ನ ಕೇಳಿ, ಇದ ಛಲೋದು ಅಂತ ಆರಿಸಿ ತಂದೇವ್ರಿ. ಬೆಲ್ಟ್ ಹಾಕಿದ ಕೂಡ್ಲೆ ಚೀರತೈತಿ. ಕುಂಬಳಕಾಯಿ ಚೀರಂಗಿಲ್ಲ ನೋಡ್ರಿ" ಎಂದಳು ಆ ಹುಡುಗಿ.

ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಸೊಪ್ಪಿನವಳು ತೂಕ ಬಿಟ್ಟು ನನ್ನನ್ನೇ ನೋಡತೊಡಗಿದಳು. ಈ ವಯಸ್ಸಿನಲ್ಲಿ ಸಂತೆಯೊಳಗೆ ಒಬ್ಬಳೇ ನಿಂತು ನಗುವವಳ ಬಗ್ಗೆ ಜನ ಏನು ತಿಳಿಯುತ್ತಾರೆಂದು ನನಗೆ ಗೊತ್ತು. ಆದರೆ ಇಂಥದೇ ಒಂದು ಗಾಡಿ ನಮ್ಮ ಮನೆಗೆ ಬಂದಾಗ ಏನೇನಾಯಿತೆಂದು ಗೊತ್ತಿದ್ದರೆ ನೀವೂ ನಗುತ್ತಿದ್ದಿರಿ. ಅಥವಾ ನಮ್ಮತ್ತೆಯನ್ನು ನೆನೆದು ನಗುವುದೋ ಬೇಡವೋ ಎಂದು ನನ್ನ ಹಾಗೆ ನಡುವೆಯೇ ತಡೆದು ನಿಲ್ಲುತ್ತಿದ್ದಿರಿ.

ನಾನು ಸವದತ್ತಿಯ ಮಗಳು, ಬೈಲಹೊಂಗಲದ ಸೊಸೆ. ಎಪ್ಪತ್ತರ ದಶಕದ ನಡುವಿನ ಮಾತಿದು. ನಮ್ಮ ಯಜಮಾನರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕಾಟಾದ ಮುಂದೆ ನಿಂತು ತೂಕ ನೋಡುವ ಕೆಲಸದಲ್ಲಿದ್ದರು. ಅವರ ಹೆಸರು ಹೇಳುವ ರೂಢಿ ನನಗಿಲ್ಲ. ಕಥೆಗೆ ಬೇಕಾದಲ್ಲಿ ಅತ್ತೆಯವರ ಬಾಯಿಂದ ತಾನಾಗಿಯೇ ಬರುತ್ತದೆ. ಅತ್ತೆ ಗಂಗವ್ವ. ಎತ್ತರದ ಹೆಂಗಸು, ದೊಡ್ಡ ದನಿ, ಎರಡೂ ಮೊಣಕಾಲು ಹಿಡಿದುಕೊಂಡಿದ್ದವು. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟನ್ನು ಹಿಡಿದು ಶಿವನನ್ನು ಒಮ್ಮೆ, ಆ ಹೊಸ್ತಿಲು ಕೂರಿಸಿದವನನ್ನು ಒಮ್ಮೆ ನೆನೆಯುತ್ತಿದ್ದರು. ಮೊದಲನೆಯವನನ್ನು ಭಕ್ತಿಯಿಂದ.

ಇನ್ನು ನನ್ನ ಮಗ ಮಲ್ಲು. ಅವನಿಗೆ ಎರಡು ವರ್ಷ ತುಂಬಿತ್ತು. ನಡೆಯುತ್ತಿರಲಿಲ್ಲ. ಕಾಲಿನಲ್ಲಿ ದೋಷವಿರಲಿಲ್ಲ, ಗೋಡೆ ಹಿಡಿದು ನಿಲ್ಲುತ್ತಿದ್ದ, ಬೆಲ್ಲದ ಡಬ್ಬಿಯವರೆಗೆ ಹೆಜ್ಜೆ ಹಾಕಿದ್ದನ್ನು ನಾನೇ ಕದ್ದು ನೋಡಿದ್ದೆ. ಆದರೆ ಯಾರಾದರೂ ಕಂಡರೆ ಸಾಕು, ಕುಸಿದು ಕೂತು ಎರಡೂ ಕೈ ಮೇಲೆತ್ತಿ "ಎತ್ತು" ಎನ್ನುತ್ತಿದ್ದ. ಅವನಿಗೆ ಬರುತ್ತಿದ್ದ ಮಾತು ಎರಡೇ: "ಎತ್ತು", "ಬ್ಯಾಡ". ಇವೆರಡರಿಂದ ಅವನ ಸಂಸಾರ ಸುಖವಾಗಿ ಸಾಗಿತ್ತು. ಅತ್ತೆಯವರು ಬೆಣ್ಣೆ ಕಲಸಿದ ರೊಟ್ಟಿ, ಹಾಲು, ಸಜ್ಜಕ ಎಂದು ತುಂಬಿಸಿ ತುಂಬಿಸಿ ಅವನನ್ನು ಜೋಳದ ಚೀಲ ಮಾಡಿದ್ದರು. ಅವನನ್ನು ಟೊಂಕದ ಮೇಲೆ ಹೊತ್ತು ನನ್ನ ನಡಿಗೆಯೇ ಸೊಟ್ಟಗಾಗಿ, ಅವನು ಮಲಗಿದಾಗಲೂ ನಾನು ಒಂದು ಕಡೆ ವಾಲಿಯೇ ನಡೆಯುತ್ತಿದ್ದೆ.

ಹೀಗಿರುವಾಗ ನಾನು ಮತ್ತೆ ಬಸುರಿಯಾದೆ. ಹಿಂದಿನ ವರ್ಷದ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ಭಾರ ಎತ್ತಬ್ಯಾಡ್ರಿ, ಓಡಬ್ಯಾಡ್ರಿ. ಈ ಮಗನ್ನಂತೂ ಮುಟ್ಟಬ್ಯಾಡ್ರಿ." ಮಲ್ಲು ಅವರನ್ನೇ ನೋಡಿ ಕೈ ಮೇಲೆತ್ತಿ "ಎತ್ತು" ಎಂದ.

ನಾನು ಎತ್ತುವಂತಿಲ್ಲ, ಅತ್ತೆಗೆ ಆಗುವುದಿಲ್ಲ, ಯಜಮಾನರು ಬೆಳಗಾದರೆ ಜಿನ್ನಿಗೆ. ಹಾಗಾದರೆ ಮಲ್ಲುವನ್ನು ಹೊರುವವರು ಯಾರು? ಒಂದು ಗಾಡಿ ಬೇಕೆಂದು ತೀರ್ಮಾನವಾಯಿತು.

ಯಜಮಾನರು ಯಾವುದೋ ಮಾಸಪತ್ರಿಕೆಯಲ್ಲಿ ಮಕ್ಕಳ ಗಾಡಿಯ ಚಿತ್ರ ನೋಡಿದ್ದರು. ಅದನ್ನು ನೋಡಿಕೊಂಡು ಕಾಗದದ ಮೇಲೆ ನಾಲ್ಕು ಗಾಲಿ, ಒಂದು ತೊಟ್ಟಿಲು ಬರೆದು, ಕಿತ್ತೂರಿನ ಬಡಿಗೇರ ಕಾಳಪ್ಪನಿಗೆ ಕೊಟ್ಟು ಬಂದರು. "ಗಟ್ಟಿ ಇರ್ಲಿ, ಕೂಸು ಬೀಳಬಾರದು" ಎಂದಷ್ಟೇ ಹೇಳಿದ್ದರು. ಕಾಳಪ್ಪ ಹುಟ್ಟಿದಾಗಿನಿಂದ ಎತ್ತಿನ ಚಕ್ಕಡಿ ಬಿಟ್ಟು ಬೇರೇನೂ ಮಾಡಿದವನಲ್ಲ. ಕೆಲವು ದಿನಗಳಾದ ಮೇಲೆ ನಮ್ಮ ಮನೆಯ ಮುಂದೆ ಒಂದು ಚಕ್ಕಡಿ ಬಂದು ನಿಂತಿತು. ಆ ಚಕ್ಕಡಿಯೊಳಗೆ ಇನ್ನೊಂದು ಚಕ್ಕಡಿ ಕೂತಿತ್ತು. ಜಾಲಿಯ ಕಟ್ಟಿಗೆ, ಕಬ್ಬಿಣದ ಪಟ್ಟಿ ಹೊಡೆದ ಗಾಲಿ, ಮುಂದೆ ಎಣ್ಣೆ ಹಚ್ಚಿದ ಹೊಸ ನೊಗ.

"ಸಾಹೇಬ್ರ, ನೀವು ಬರದಿದ್ದ ಚಿತ್ರದಾಗ ನೊಗ ಇರಲಿಲ್ರಿ. ಗಡಿಬಿಡ್ಯಾಗ ಮರತಿರಬೇಕಂತ ನಾನ ಹಾಕೇನಿ" ಎಂದ ಕಾಳಪ್ಪ. "ಆನಿ ತುಳದ್ರೂ ಮುರಿಯಂಗಿಲ್ಲ."

ಅದನ್ನು ಕೆಳಗಿಳಿಸಲು ಓಣಿಯ ಗಂಡಸರೆಲ್ಲ ಬೇಕಾದರು. ಮಲ್ಲು ಅದನ್ನು ನೋಡಿ ಕೈ ಚಾಚಿ "ಎತ್ತು, ಎತ್ತು" ಎಂದು ಕೂಗಿದ. ಕಾಳಪ್ಪನ ಮುಖ ಅರಳಿತು.

"ನೋಡ್ರಿ! ಎಷ್ಟ ಶಾಣ್ಯಾ ಕೂಸು! ಗಾಡಿ ಕಂಡ ಕೂಡ್ಲೆ ಎತ್ತು ಕೇಳಾಕ ಹತ್ತೈತಿ. ಒಂದ ಸಣ್ಣ ಜೋಡಿ ಕೊಡಿಸಿ ಬಿಡ್ರಿ."

ಎತ್ತು ಸಿಗುವವರೆಗೆ ಎಂದು ಯಜಮಾನರೇ ನೊಗಕ್ಕೆ ಹೆಗಲು ಕೊಟ್ಟು ಒಂದು ಸಂಜೆ ಓಣಿಯುದ್ದ ಎಳೆದರು. ಕಬ್ಬಿಣದ ಗಾಲಿಯ ಸದ್ದಿಗೆ ನಾಯಿಗಳು ಬೊಗಳಿದವು, ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆ ಬಿಟ್ಟು ಹೆಂಗಸರು ಇಣುಕಿದರು. ಅತ್ತೆ ಕಟ್ಟೆಯ ಮೇಲೆ ಕೂತು ನೋಡಿ ನಿಟ್ಟುಸಿರಿಟ್ಟರು: "ಲೇ ಈರಣ್ಣಾ, ನಿಮ್ಮಪ್ಪ ಇರೂತನಕ ಮನ್ಯಾಗ ಎರಡ ಎತ್ತ ಇದ್ದುವು. ಆ ಸ್ಥಾನ ನೀ ತುಂಬತಿ ಅಂತ ತಿಳದಿದ್ದಿಲ್ಲ."

ಮರುದಿನದಿಂದ ಆ ಚಕ್ಕಡಿ ಹಿತ್ತಲಲ್ಲಿ ಸಗಣಿಯ ಕುಳ್ಳು ಒಟ್ಟುವ ಜಾಗವಾಯಿತು. ಆ ಮಟ್ಟಿಗೆ ಕಾಳಪ್ಪನ ಮಾತು ನಿಜ. ಅದು ಇಂದಿಗೂ ಎಲ್ಲೋ ಮುರಿಯದೆ ಇರಬೇಕು.

ಆಮೇಲೆ ಯಜಮಾನರಿಗೆ ಜಿನ್ನಿನಲ್ಲಿದ್ದ ಮರಾಠಿ ಗುಮಾಸ್ತರೊಬ್ಬರು ಹೇಳಿದರಂತೆ: ಇಂಥ ಗಾಡಿಗೆ ಬಾಬಾಗಾಡಿ ಎನ್ನುತ್ತಾರೆ, ಬೆಳಗಾವಿಯ ಕ್ಯಾಂಪಿನಲ್ಲಿ ಸಿಗುತ್ತದೆ. ಮನೆಗೆ ಬಂದು ಅದನ್ನೇ ಹೇಳಿದರು.

"ಬಾಬಾಗಾಡಿ? ಯಾವ ಬಾಬಾಂದು?" ಎಂದರು ಅತ್ತೆ.

"ಯಾವ ಬಾಬಾಂದೂ ಅಲ್ಲಬೇ. ಮರಾಠ್ಯಾಗ ಸಣ್ಣ ಹುಡುಗಗ ಬಾಬಾ ಅಂತಾರ. ಕುಂದರಸಿ ತಳ್ಳಕೋತ ಹೋಗೂದು. ಬಿಸಲಿಗೆ ಮ್ಯಾಲ ಚಾವಣಿ ಇರತೈತಿ."

ಅತ್ತೆಯ ಮುಖ ಕಪ್ಪಿಟ್ಟಿತು. "ಕುಂದರಸಿ, ಮ್ಯಾಲ ಚಾವಣಿ ಮಾಡಿ, ಮೆರವಣಿಗಿ ಒಯ್ಯೂದು ನಮ್ಮ ಮಂದ್ಯಾಗ ಯಾವಾಗ ಅಂತ ಗೊತ್ತೈತೇನ ನಿನಗ? ನನ್ನ ಕುಂದರಸಬೇಕು ಅದರಾಗ. ಅದೂ ಈಗಲ್ಲ."

ಸತ್ತವರನ್ನು ವಿಮಾನವೆಂಬ ಸಿಂಗರಿಸಿದ ಚಟ್ಟದಲ್ಲಿ ಕೂರಿಸಿ ಒಯ್ಯುವ ಮನೆತನ ನಮ್ಮದು. ಕೊನೆಗೆ, ಚಾವಣಿ ಮಡಚಲು ಬರಬೇಕು, ಗಾಲಿ ಸದ್ದು ಮಾಡಬಾರದು, ಕೂಸು ಉರುಳಬಾರದು, ಎತ್ತು ಬೇಡಬಾರದು ಎಂಬ ಷರತ್ತುಗಳ ಮೇಲೆ ಒಪ್ಪಿಗೆ ಸಿಕ್ಕಿತು. ತರುವ ಕೆಲಸ ನೇಸರಗಿಯ ಶಿವಲಿಂಗಪ್ಪ ಕಾಕಾನಿಗೆ ಬಂತು.

ಕಾಕಾ ನಮ್ಮ ಮಾವನವರ ತಮ್ಮ. ಬೆಳಗಾವಿಗೆ ವಾರಕ್ಕೊಮ್ಮೆ ಹೋಗಿ ಬರುವವರು. ಅವರಲ್ಲಿ ಒಂದು ಗುಣವಿತ್ತು. ಯಾರು ಏನು ಕೇಳಿದರೂ "ಗೊತ್ತಿಲ್ಲ" ಎಂದವರಲ್ಲ, "ಹಂಗಲ್ಲ" ಎಂದು ತಿದ್ದಿದವರೂ ಅಲ್ಲ. ಕೇಳಿದವರಿಗೆ ನಿರಾಸೆಯಾಗಬಾರದು ಎಂಬುದು ಅವರ ಧರ್ಮ. ಕ್ಯಾಂಪಿನಲ್ಲಿ ವರ್ಗವಾಗಿ ಹೊರಟಿದ್ದ ಮಿಲಿಟರಿ ಸಾಹೇಬರ ಮನೆಯಿಂದ ಗಾಡಿ ಕೊಂಡು, ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಬಂದರು. ನೇಸರಗಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಕಂಡಕ್ಟರ ದೊಡ್ಡ ದನಿಯಲ್ಲಿ "ಬಾಬಾಗಾಡಿ ಇಳಸ್ರೆಪಾ, ಬಾಬಾಗಾಡಿ!" ಎಂದು ಕೂಗಿದ. ಅಂದು ನೇಸರಗಿಯ ಸಂತೆ. ನಿಲ್ದಾಣದ ತುಂಬ ಜನ.

ಒಬ್ಬ ಮುದುಕ ಹತ್ತಿರ ಬಂದು ಗಾಡಿಗೆ ಕೈಮುಗಿದು ಕೇಳಿದನಂತೆ: "ಬಾಬಾ ಎಲ್ಲಿ ಅದಾರ್ರಿ?"

"ಬೈಲಹೊಂಗಲದಾಗ, ನಮ್ಮಣ್ಣನ ಮನ್ಯಾಗ" ಎಂದರು ಕಾಕಾ.

"ನಡ್ಯಂಗಿಲ್ಲೇನ್ರಿ ಅವರು? ಗಾಡಿ ಒಯ್ಯಾಕ ಹತ್ತೀರಿ."

"ನಡ್ಯಂಗಿಲ್ಲ. ಬೇಕಂದ್ರ ನಡೀಬಹುದು. ನಡ್ಯಂಗಿಲ್ಲ."

"ಮಾತಾಡ್ತಾರೇನ್ರಿ?"

"ಎರಡ ಮಾತು. ಅದರ ಮ್ಯಾಲ ಇಲ್ಲ."

"ಊಟಾ?"

"ಹಾಲು, ಬೆಣ್ಣಿ. ಮತ್ತ ಮೈಮ್ಯಾಲ ಅರಿವಿ ನಿಲ್ಲಂಗಿಲ್ಲ."

ಇದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಕಷ್ಟವಾದದ್ದು.

ಗಾಡಿಯೇನೋ ಚೆಲುವಾಗಿತ್ತು. ಕಪ್ಪು ಮೈ, ಎತ್ತರದ ರಬ್ಬರ ಗಾಲಿ, ಕೆಳಗೆ ಸ್ಪ್ರಿಂಗು, ಟಾಂಗಾದ ಹಾಗೆ ಮಡಚುವ ಚಾವಣಿ. ಗಾಲಿಯ ಹತ್ತಿರ ಒಂದು ಸಣ್ಣ ಸನ್ನೆಗೋಲಿತ್ತು. ಅದು ಯಾಕೆಂದು ಕೇಳಿದಾಗ ಕಾಕಾ ತಡವರಿಸದೆ "ಅದು ಶೋಕಿಗೆ ಇಟ್ಟದ್ದು" ಎಂದರು. ಅದು ಬ್ರೇಕು ಎಂದು ನಮಗೆ ತಿಳಿದದ್ದು ಆಮೇಲೆ. ಭದ್ರತೆಯ ಪರೀಕ್ಷೆಗೆ ಮೊದಲು ಜೋಳದ ಚೀಲ ಇಟ್ಟು ನೋಡಿದೆವು. ಅತ್ತೆಗೆ ಸಮಾಧಾನವಾಗಲಿಲ್ಲ. "ಚೀಲಾ ಸುಮ್ನ ಕುಂದರತೈತಿ. ಮಲ್ಲ್ಯಾ ಕುಂದರತಾನೇನ?" ಎಂದರು. ಆಗ ಕಾಕಾ "ನೋಡ್ರಿ ವೈನಿ, ವಿಲಾಯ್ತಿ ಮಾಲು!" ಎನ್ನುತ್ತ ತಾವೇ ಹತ್ತಿ ಕೂತರು. ಗಾಡಿ ಮುರಿಯಲಿಲ್ಲ. ಆದರೆ ಕಾಕಾ ಹೊರಗೆ ಬರಲಿಲ್ಲ. ಮೊಣಕಾಲು ಗದ್ದಕ್ಕೆ ತಾಗಿ, ಟೊಂಕ ಸಿಕ್ಕಿಬಿದ್ದಿತ್ತು; ಒಳ್ಳೆಣ್ಣೆ ಹನಿಸಿ, ಯಜಮಾನರು ಒಂದು ಕಡೆ ನೆರೆಮನೆಯವರು ಒಂದು ಕಡೆ ಜಗ್ಗಿ ತೆಗೆದರು. ಅತ್ತೆ ಆಗ ಮಾತ್ರ "ಹ್ಞಾ, ಗಟ್ಟಿ ಐತಿ" ಎಂದು ಒಪ್ಪಿದರು. ಆದರೂ ಕೂರಿಸಿದಾಗಲೆಲ್ಲ ಗಾಡಿಯನ್ನು ಕಟ್ಟೆಯ ಕಂಬಕ್ಕೆ ಹಗ್ಗದಿಂದ ಕಟ್ಟಬೇಕೆಂದು ಆಜ್ಞೆಯಾಯಿತು. ನಮ್ಮ ಓಣಿ ಇಳಿಜಾರು. ಕೆಳತುದಿಗೆ ಯಜಮಾನರ ಜಿನ್ನಿನ ದೊಡ್ಡ ಗೇಟು.

ಮಲ್ಲು ಒಳಗೆ ಕೂತ. ಸ್ಪ್ರಿಂಗಿನ ಮೇಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದ. ಕಣ್ಣು ಅರೆ ಮುಚ್ಚಿತು. ಇಳಿಸಲು ಹೋದರೆ "ಬ್ಯಾಡ" ಎಂದ. ಊಟ ಅಲ್ಲೇ, ನಿದ್ದೆ ಅಲ್ಲೇ. ನನ್ನ ಟೊಂಕಕ್ಕೆ ಬಿಡುವು ಸಿಕ್ಕಿತೆಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮರುದಿನ ಬಾಗಿಲಲ್ಲಿ ಒಬ್ಬ ರೈತ ನಿಂತಿದ್ದ. ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ. ರಾಮದುರ್ಗದ ಕಡೆಯ ಕಟಕೋಳದವನು; ನೇಸರಗಿಯ ಸಂತೆಯಲ್ಲಿ ಸುದ್ದಿ ಕೇಳಿ ಬಂದಿದ್ದ.

"ಅವ್ವಾರ, ಬಾಬಾನ ದರ್ಶನ ಆಗತೈತೇನ್ರಿ?"

ನಾನು ಏನು ಹೇಳಬೇಕೆಂದು ಯೋಚಿಸುವುದರೊಳಗೆ ಅವನಿಗೆ ಕಟ್ಟೆಯ ಮುಂದೆ ಗಾಡಿ ಕಂಡಿತು, ಗಾಡಿಯೊಳಗೆ ಮಲ್ಲು ಕಂಡ. ಬೆಳಗಿನ ಸ್ನಾನವಾಗಿ ಅತ್ತೆ ಹಚ್ಚಿದ ವಿಭೂತಿ, ಮೈಮೇಲೆ ಉಡುದಾರ ಬಿಟ್ಟು ಏನೂ ಇಲ್ಲ, ಬಾಯಿಯ ಎರಡೂ ಕಡೆ ಬೆಣ್ಣೆ. ರೈತ ಅಡ್ಡಬಿದ್ದ.

"ಯಪ್ಪಾ, ನನ್ನ ಎಮ್ಮಿ ಕಳದೈತಿ. ಹುಡುಕಿ ಹುಡುಕಿ ಸಾಕಾತು. ಸವದತ್ತಿ ಕಡೆ ಹೋಗಿ ಹುಡುಕ್ಲೇನು?"

ಮಲ್ಲು ಅವನ ಮೀಸೆಯನ್ನು ಸ್ವಲ್ಪ ಹೊತ್ತು ನೋಡಿ "ಬ್ಯಾಡ" ಎಂದ.

ರೈತ ಊರಿಗೆ ತಿರುಗಿ ಹೋದ. ಹೋಗುವುದರೊಳಗೆ ಎಮ್ಮೆ ತಾನಾಗಿಯೇ ಬಂದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿತ್ತಂತೆ. ಎಮ್ಮೆಗಳು ಹಾಗೆ ಬರುತ್ತವೆ. ಹಸಿವಾದರೆ ಎಲ್ಲಿಗೆ ಹೋದಾವು? ಆದರೆ ಕಟಕೋಳದ ಜನಕ್ಕೆ ಇದನ್ನು ಹೇಳುವವರು ಯಾರು?

ಅಲ್ಲಿಂದ ಜನ ಬರತೊಡಗಿದರು. ಹುಡುಗಿಗೆ ಈ ವರನನ್ನು ಕೊಡಲೇ ಎಂದರೆ "ಬ್ಯಾಡ". ಬಾವಿ ಇಲ್ಲಿ ತೋಡಲೇ ಎಂದರೆ "ಬ್ಯಾಡ". ಹೊಸದಾಗಿ ಬಂದಿದ್ದ ವರಲಕ್ಷ್ಮಿ ಹತ್ತಿ ಹಾಕಲೇ ಎಂದು ಕೇಳಿದವನಿಗೆ ಮಾತ್ರ, ಅವನ ಹೆಗಲ ಮೇಲಿದ್ದ ಕೆಂಪು ವಲ್ಲಿ ಇಷ್ಟವಾಗಿಯೋ ಏನೋ, "ಎತ್ತು" ಎಂದುಬಿಟ್ಟ. ಅವನು ಎತ್ತು ಕೊಳ್ಳಲು ಹೋದ.

ಅತ್ತೆ ಮೊದಲ ದಿನ ಬೈದರು. ಎರಡನೆಯ ದಿನ ಸುಮ್ಮನಿದ್ದರು. ಮೂರನೆಯ ದಿನ ನಾನು ನೋಡುತ್ತೇನೆ, ಗಾಡಿಯ ಪಕ್ಕ ಮಣೆ ಹಾಕಿ ಕೂತು "ಹಿಂದ ಸರಕೊಂಡ ನಿಂದರ್ರಿ, ಗಾಳಿ ಬಿಡ್ರಿ" ಎನ್ನುತ್ತಿದ್ದಾರೆ. ಮೊಮ್ಮಗನಿಗೆ ಲೋಕ ಕೈಮುಗಿಯುವುದನ್ನು ಯಾವ ಅಜ್ಜಿ ಬೇಡವೆಂದಾಳು? ಜಿನ್ನಿನಲ್ಲಿ ಯಜಮಾನರ ಪಾಡು ಇನ್ನೂ ಕೆಟ್ಟದ್ದು. ಹತ್ತಿ ತಂದ ರೈತರು ತೂಕ ಸರಿಯಿದೆಯೇ ಎಂದು ನೋಡುವುದು ಬಿಟ್ಟು "ಬಾಬಾನ ತಂದಿ" ಎಂದು ಅವರ ಕಾಲು ಮುಟ್ಟುತ್ತಿದ್ದರು. ಅವರು ನಾಚಿಕೆಯಿಂದ ಚಪ್ಪಲಿ ಬಿಟ್ಟು ಬೂಟು ಹಾಕತೊಡಗಿದರು.

ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಒಬ್ಬಳಿಗೆ ನೇರವಾಗಿ ಹೇಳಿದೆ: "ನೋಡವಾ, ಇಂವ ಬಾಬಾ ಅಲ್ಲ, ನನ್ನ ಮಗಾ."

"ಹೌದ್ರವಾ, ಬಾಬಾಗೋಳಿಗೂ ತಾಯಿ ಇರ್ತಾಳಲ್ರಿ" ಎಂದು ನನ್ನ ಕಾಲಿಗೂ ಬಿದ್ದಳು.

ಸಿಟ್ಟಿನ ಕೆಳಗೆ ಹೆದರಿಕೆಯಿತ್ತು. ಬಂದವರೆಲ್ಲ ಬಾಯಿಗೆ ಏನಾದರೂ ಇಡುತ್ತಿದ್ದರು. ಮಲ್ಲು ಗೋಡೆ ಹಿಡಿದು ನಿಲ್ಲುವುದನ್ನೂ ಬಿಟ್ಟಿದ್ದ. ಬೆಲ್ಲದ ಡಬ್ಬಿಯೇ ಅವನಿದ್ದಲ್ಲಿಗೆ ಬರುವಾಗ ಅವನೇಕೆ ಏಳಬೇಕು? ಇನ್ನೊಂದು ಕೂಸು ಬಂದ ಮೇಲೆ ಇವನ ಗತಿ ಏನು, ಕಾಲು ಸೋತುಹೋದರೆ ಏನು ಎಂದು ಯೋಚಿಸುತ್ತ ನಾನು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ನನ್ನ ಕುಬಸದ, ಅಂದರೆ ಸೀಮಂತದ, ದಿನ ಹತ್ತಿರವಾಗುತ್ತಿತ್ತು. ಹೊಟ್ಟೆಯೊಳಗಿನದು ಒದೆಯುತ್ತಿತ್ತು, ಹೊರಗಿನದು ಕಾಲು ಅಲ್ಲಾಡಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ದೇಗಾಂವದಿಂದ ನೀಲವ್ವ ಎಂಬ ಹೆಂಗಸು ಬಂದಳು. ಸೆರಗಿನಲ್ಲಿ ಅವಳ ಮಗಳು ಪಾರಿ. ಮಲ್ಲುವಿನ ವಾರಿಗೆಯದೇ, ಕಡ್ಡಿಯಂಥ ಹುಡುಗಿ.

"ಅಕ್ಕಾರ, ಇಕಿ ನಡ್ಯಾಕ ವಲ್ಲಳ್ರಿ. ಬಾಬಾನ ಗಾಡಿ ಮುಟ್ಟಿಸಿಕೊಂಡ ಹೋಗ್ಬೇಕಂತ ಬಂದೇನಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ. "ನೀಲವ್ವಾ, ಖರೇ ಹೇಳ್ತೇನಿ. ಇಂವಾನೂ ನಡ್ಯಂಗಿಲ್ಲ. ನಾನೂ ನಿನ್ನಂಗ ಕುಂತೇನಿ."

"ಅದಕ್ಕ ಬಂದೇನ್ರಿ" ಎಂದಳು ಅವಳು. "ನಡ್ಯೂವರಿಗೆ ಇಕಿ ಸಂಕಟ ಏನ ತಿಳೀತೈತ್ರಿ?"

ಅಂದು ಜನ ಬಹಳ. ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುವ ಹೊಸ ಪದ್ಧತಿ ಆಗಲೇ ಶುರುವಾಗಿತ್ತು. ಕಂಬದ ಹಗ್ಗ ಕಾಲಿಗೆ ತೊಡರುತ್ತದೆಂದು ಹೆಂಗಸರು ದೂರಿದ್ದಕ್ಕೆ, ಬೆಳಗ್ಗೆಯೇ ಬಂದಿದ್ದ ಕಾಕಾ ಅದನ್ನು ಬಿಚ್ಚಿಹಾಕಿದ್ದರು. ಒಂದು ಸಣ್ಣ ಕಲ್ಲು ಮಾತ್ರ ಗಾಲಿಗೆ ಅಡ್ಡ ಇತ್ತು.

ನೀಲವ್ವ ಮಗಳನ್ನು ಗಾಡಿಯ ಹಿಂದೆ ಇಳಿಸಿ, ಅವಳ ಎರಡೂ ಕೈಗಳನ್ನು ಗಾಲಿಯ ಮೇಲಿನ ಕಂಬಿಗೆ ತಾಗಿಸಿದಳು. ಪಾರಿ ಅದನ್ನು ಗಟ್ಟಿಯಾಗಿ ಹಿಡಿದಳು. ಅದನ್ನೇ ಊರಿ ಎದ್ದು ನಿಂತಳು. ಮಲ್ಲು ಹೊರಳಿ ನೋಡಿ, ತನ್ನ ಗಾಡಿಗೆ ಬೇರೆಯವರು ಕೈ ಹಚ್ಚಿದ್ದು ಸೇರದೆ, "ಬ್ಯಾಡ" ಎಂದ. ಪಾರಿ ದೂಡಿದಳು. ಕಲ್ಲು ಉರುಳಿತು. ಗಾಡಿ ಒಂದು ಮಾರು ಮುಂದೆ ಹೋಯಿತು, ಅದರ ಹಿಂದೆ ಪಾರಿಯೂ ಹೋದಳು.

"ನಡದಳು! ಯವ್ವಾ, ನನ್ನ ಮಗಳು ನಡದಳು!" ಎಂದು ನೀಲವ್ವ ಕೂಗಿದಳು. ಸೇರಿದವರೆಲ್ಲ ಕಣ್ಣು ಮುಚ್ಚಿ ಕೈಮುಗಿದರು. ಹೀಗಾಗಿ ಪಾರಿಯ ಕೈಯಿಂದ ಕಂಬಿ ಜಾರಿ, ಅವಳು ಕುಂಡೆಯೂರಿ ಕೂತು, ಗಾಡಿ ತಾನೊಂದೇ ಮುಂದೆ ಹೊರಟದ್ದನ್ನು ನೋಡಿದವರು ನಾವು ಮೂವರೇ: ನಾನು, ಅತ್ತೆ, ಕಾಕಾ.

"ಇಳಜಾರಿನ್ಯಾಗ ಹೆಂಗ ಓಡತೈತಿ ನೋಡ್ರಿ, ವಿಲಾಯ್ತಿ ಮಾಲು" ಎಂದರು ಕಾಕಾ.

ಗಾಡಿ ವೇಗ ಹಿಡಿಯಿತು. ಮಲ್ಲು ನೆಟ್ಟಗೆ ಕೂತಿದ್ದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಯಾರೋ ಹಾಕಿದ ಚೆಂಡುಹೂವಿನ ಮಾಲೆ. ಓಣಿಯಲ್ಲಿ ಗಂಡಸರಿದ್ದರು. ಯಾರಾದರೂ ಕೈ ಅಡ್ಡ ಹಿಡಿದಿದ್ದರೆ ಸಾಕಿತ್ತು. ಆದರೆ ಬಾಬಾನ ಸವಾರಿ ಬರುತ್ತಿದೆಯೆಂದು ಪ್ರತಿಯೊಬ್ಬರೂ ಮರ್ಯಾದೆಯಿಂದ ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ತಲೆಬಾಗಿ ನಿಂತರು.

ನಾನು ಎದ್ದೆ. ಏಳುವಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು. "ಶಾಂತಾ, ಕುಂದರು! ನೀ ಓಡಬ್ಯಾಡ! ಕುಂದರು!" ಎಂದು ನನ್ನನ್ನು ಕಟ್ಟೆಗೆ ಒತ್ತಿ ಕೂರಿಸಿ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಅತ್ತೆ ಓಡಿದರು. ಹೊಸ್ತಿಲು ದಾಟಲು ಚೌಕಟ್ಟು ಹಿಡಿಯುತ್ತಿದ್ದವರು ಓಡಿದರು. ಸೆರಗು ಜಾರಿತ್ತು, ಬಿಳಿ ತುರುಬು ಬಿಚ್ಚಿತ್ತು. ಆ ಓಟದ ಮುಂದೆ ಓಣಿಯ ಹೋರಿಯೊಂದು ಗಾಬರಿಯಾಗಿ ಗೋಡೆಗೆ ಆತು ನಿಂತಿತು.

ಜಿನ್ನಿನಲ್ಲಿ ನಡೆದದ್ದನ್ನು ಯಜಮಾನರು ಹೇಳಿದಂತೆ ಹೇಳುತ್ತೇನೆ. ಅವರು ಕಾಟಾದ ಮುಂದೆ ನಿಂತಿದ್ದರು. ತೆರೆದ ಗೇಟಿನಿಂದ ಗಾಡಿಯೊಂದು ಒಳಗೆ ಬಂತು. ಅದರಲ್ಲಿ ತಮ್ಮ ಮಗ ಕೂತಿದ್ದ. ಹಿಂದೆ ಯಾರೂ ಇರಲಿಲ್ಲ. ಮನುಷ್ಯನಿಗೆ ಎದೆ ಒಡೆಯುವ ಗಾಬರಿಯಾದಾಗ ಬಾಯಿಂದ ಏನು ಬರುತ್ತದೆಂದು ಹೇಳಲಾಗುವುದಿಲ್ಲ. ಅವರ ಬಾಯಿಂದ ಬಂದದ್ದು, "ಮಲ್ಲೂ, ಊಟಾ ಆತೇನೋ?"

ಗಾಡಿ ಹೋಗಿ ಅಂಗಳದಲ್ಲಿ ಒಟ್ಟಿದ್ದ ಹತ್ತಿಯ ಗುಡ್ಡೆಗೆ ಗುದ್ದಿತು. ಗಾಡಿ ನಿಂತಿತು, ಮಲ್ಲು ನಿಲ್ಲಲಿಲ್ಲ. ಹಕ್ಕಿಯ ಹಾಗೆ ಹಾರಿ ಹತ್ತಿಯೊಳಗೆ ಮುಳುಗಿದ. ಎರಡು ಅಂಗಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಯಜಮಾನರು ಧಾವಿಸಿದಾಗ ಒಂದು ಬೂಟು ಕಳಚಿಬಿತ್ತು. ಅಷ್ಟರಲ್ಲಿ ಹತ್ತಿ ಅಲುಗಾಡಿತು. ಅಡಿಯಿಂದ ಮುಡಿಯವರೆಗೆ ಬೆಳ್ಳಗಾದ ಮಲ್ಲು ಹೊರಬಂದ. ಒಂದು ಗೀರೂ ಆಗಿರಲಿಲ್ಲ. ಬಾಯಿಂದ ಹತ್ತಿ ಉಗುಳಿ, ಗಾಡಿಯನ್ನು ಒಮ್ಮೆ ನೋಡಿದ. ಯಾರೋ ತನಗೆ ಮೋಸ ಮಾಡಿದ್ದಾರೆ ಎನ್ನುವ ಮುಖ ಅದು. ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದು ಎರಡೂ ಕೈ ಚಾಚಿದರು. "ಬಾ ನನ್ನಪ್ಪಾ, ಎತ್ಗೋತೇನಿ ಬಾ!"

"ಬ್ಯಾಡ" ಎಂದ ಮಲ್ಲು.

ಎಂದವನೇ ನಡೆದ. ಅಜ್ಜಿಯ ಕೈ ದಾಟಿ, ಅಪ್ಪನನ್ನು ದಾಟಿ, ಗೇಟು ದಾಟಿ ಓಣಿ ಹತ್ತಿ ನಡೆದ. ಮೈಯೆಲ್ಲ ಹತ್ತಿ, ಕೊರಳಲ್ಲಿ ಮಾಲೆ. ಕೈಮುಗಿದು ನಿಂತವರು ಇನ್ನೂ ಹಾಗೆಯೇ ನಿಂತಿದ್ದರು. ಒಬ್ಬೊಬ್ಬರನ್ನೂ ನೋಡಿ "ಬ್ಯಾಡ, ಬ್ಯಾಡ" ಎನ್ನುತ್ತ ಬಂದ. ಅವನ ಹಿಂದೆ ತುರುಬು ಬಿಚ್ಚಿದ ಅತ್ತೆ, ಅವರ ಹಿಂದೆ ಒಂದೇ ಬೂಟಿನಲ್ಲಿ ಯಜಮಾನರು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ; ಅಲ್ಲಿಂದ ಅವನ ಒಂದೊಂದು ಹೆಜ್ಜೆಯೂ ಕಾಣುತ್ತಿತ್ತು. ನೇರ ನನ್ನ ಬಳಿ ಬಂದು ಮೊಣಕಾಲಿಗೆ ತಲೆಯಿಟ್ಟು, ಆಗ ಅತ್ತ. ನಾನೂ ಕಣ್ಣೀರು ಹಾಕಿದೆ. ಆಮೇಲೆ ಅವನು ಎದ್ದು ಹೋಗಿ ಪಾರಿಯ ಬೆನ್ನಿಗೆ ಒಂದು ಗುದ್ದು ಕೊಟ್ಟು ಬಂದ.

ಕಟಕೋಳದ ರೈತ ಆ ದಿನವೂ ಬಂದಿದ್ದ, ಎಮ್ಮೆಯ ಮೊದಲ ಗಿಣ್ಣದ ಹಾಲು ತಂದಿದ್ದ. ಅವನೇ ಮೊದಲು ನಿಟ್ಟುಸಿರು ಬಿಟ್ಟದ್ದು.

"ಬಾಬಾ ನಡದ ಬಿಟ್ರು. ಇನ್ನೇನ ಉಳೀತು? ನಡ್ಯೂ ಬಾಬಾಗೋಳು ನಮ್ಮ ರಾಮದುರ್ಗದ ಕಡೆ ಬೇಕಾದಷ್ಟ ಅದಾರ."

ಅವನ ಮಾತು ಎಲ್ಲರಿಗೂ ಸರಿ ಕಂಡಿತು. ಒಬ್ಬೊಬ್ಬರಾಗಿ ಚದುರಿದರು. ಮರುದಿನದಿಂದ ಯಾರೂ ಬರಲಿಲ್ಲ. ಕಾಕಾನಿಗೆ ಬೇಸರವಾಯಿತು, ಯಜಮಾನರು ಮತ್ತೆ ಚಪ್ಪಲಿ ಹಾಕಿದರು. ಗಾಡಿಯನ್ನು ನಾನು ಅಂದೇ ನೀಲವ್ವನಿಗೆ ಕೊಟ್ಟುಬಿಟ್ಟಿದ್ದೆ. ಅವಳು ಅದರಲ್ಲಿ ಪಾರಿಯನ್ನು ಕೂರಿಸಲಿಲ್ಲ. ಬುತ್ತಿಗಂಟಿಗೆ, ಚೀಲಕ್ಕೆ 'ನೀ ಕುಂದರು' ಎಂದು ಒಳಗಿಟ್ಟು, ಪಾರಿಯ ಕೈಗೆ ಕಂಬಿ ಹಿಡಿಸಿ, ಬಸ್ ನಿಲ್ದಾಣದ ತನಕ ಹುಡುಗಿಯಿಂದಲೇ ದೂಡಿಸಿಕೊಂಡು ಹೋದಳು.

ಅಂದು ಸಂಜೆ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಮೊಣಕಾಲು ಎರಡೂ ಗಡಿಗೆಯಂತೆ ಬಾತಿದ್ದವು. ನಾನು ಎಣ್ಣೆ ಬಿಸಿ ಮಾಡಿ ತಂದೆ.

"ನೀ ಓಡಲಿಲ್ಲಲ್ಲ?" ಎಂದು ಕೇಳಿದರು.

"ಇಲ್ರೀ ಅತ್ತಿ. ನೀವು ಕುಂದರಿಸಿದಲ್ಲೇ ಕುಂತಿದ್ದೆ."

ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ಹ್ವಾದ ಸಲ ನೀ ಬಸರಿದ್ದಾಗ ಮಲ್ಲ್ಯಾ ಹಿತ್ತಲ ಬಾವಿ ಕಡೆ ಅಂಬೆಗಾಲ ಇಟಗೊಂಡ ಹೊಂಟಿದ್ದ. ನಾ ಹತ್ತರ ಇದ್ದೆ. ಕಾಲ ಬ್ಯಾನಿ ಅಂತ ಏಳಲಿಲ್ಲ, ನಿನ್ನ ಕರದೆ. ನೀ ಓಡಿ ಬಂದಿ, ಕಲ್ಲಿಗೆ ಜಾರಿದಿ. ಅವತ್ತಿಂದ ದಿನಾ ಅನಕೋತೇನಿ, ಏಳಬೇಕಾಗಿತ್ತು ಅಂತ."

ಅವರು ಅದನ್ನು ಹೀಗೆ ಹೊತ್ತು ತಿರುಗುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ನಾನು ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಅವರೂ ಬೇಡವೆನ್ನಲಿಲ್ಲ. ಮಲ್ಲು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ನಡೆಯುತ್ತಲೇ ಇದ್ದ.

ಹೆರಿಗೆ ಸವದತ್ತಿಯಲ್ಲಿ, ತವರಿನಲ್ಲಿ ಆಯಿತು. ಬಾಣಂತಿಗೆ ಕೋಣೆ ಕೊಟ್ಟದ್ದು ಮಾಳಿಗೆಯ ಮೇಲೆ. ಮೆಟ್ಟಿಲು ಕಡಿದು. ಅತ್ತೆ ಬರುವುದಿಲ್ಲ, ಕೆಳಗಿನಿಂದಲೇ ಕೇಳಿ ಹೋಗುತ್ತಾರೆ ಎಂದು ನಮ್ಮವ್ವ ಅಂದುಕೊಂಡಿದ್ದಳು. ಬಸ್ಸಿಳಿದು ಬಂದವರು ಕೈಕಾಲು ತೊಳೆದು, ಯಾರನ್ನೂ ಹಿಡಿಯದೆ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಒಂದು ಮೆಟ್ಟಿಲಿಗೆ ಶಿವ, ಇನ್ನೊಂದಕ್ಕೆ ಅದನ್ನು ಕಟ್ಟಿದವನು. ನಮ್ಮವ್ವ ಹುಟ್ಟಿದ ಮಗಳನ್ನು ಅವರ ತೊಡೆಯ ಮೇಲೆ ಇಟ್ಟಳು. ಅವರು ಮುಖ ನೋಡಲಿಲ್ಲ. ಅರಿವೆ ಸರಿಸಿ ಎರಡು ಕೆಂಪು ಅಂಗಾಲನ್ನು ಹೊರತೆಗೆದು, ಬೆರಳಿನಿಂದ ಕಚಗುಳಿಯಿಟ್ಟು ನೋಡಿದರು. ಕೂಸು ಕಾಲು ಝಾಡಿಸಿತು.

"ಓಡೂ ಪೈಕಿ ಇದು" ಎಂದರು ಅತ್ತೆ. "ಭಾಳ ಓಡಸತೈತಿ ನೋಡು. ನಿನ್ನಲ್ಲ, ನನ್ನ."